ಹಳೇ ಲೈಟ್‌ಹೌಸ್ ನೋಡೋಕೆ ಹೋದಾಗ ಏನೇನು ಗಮನಿಸಬೇಕು?

ಅಲೆಗಡಲು:
ನೂರು ವರ್ಷ ದಾಟಿದ ಲೈಟ್‌ಹೌಸ್ ಒಂದಕ್ಕೆ ಹೋಗಬೇಕು ಅಂತಿದೆ. ಯಾವ ಹೊತ್ತಿಗೆ ಹತ್ತೋದು ಒಳ್ಳೇದು? ಮೇಲೆ ದೀಪದ ಕೋಣೆಯಲ್ಲಿ ಏನು ನೋಡಬೇಕು? ಹಗಲಲ್ಲಿ ಅಲ್ಲಿ ಪರದೆ ಎಳೆದಿರ್ತಾರಂತೆ, ಯಾಕೆ?

ಗಾಜುಗಣ್ಣು:
ಪರದೆ ಲೆನ್ಸಿಗಾಗಿ. ಒಳಗಿನ ದೀಪದ ಬೆಳಕನ್ನು ಒಂದೇ ದಿಕ್ಕಿಗೆ ನೇರ ಮಾಡಿ ಕಳಿಸುವ ಲೆನ್ಸು, ಹೊರಗಿನ ಬಿಸಿಲನ್ನೂ ಅಷ್ಟೇ ಸಲೀಸಾಗಿ ದೀಪದ ಜಾಗಕ್ಕೆ ತಂದು ಕೂಡಿಸುತ್ತದೆ. ಭೂತಗನ್ನಡಿ ಹಿಡಿದು ಕಾಗದ ಸುಟ್ಟ ಹಾಗೆ, ದೀಪವೂ ವೈರೂ ಸುಟ್ಟುಹೋಗಬಹುದು. ಕೆಲವು ಕಡೆ ಪರದೆಯ ಬದಲು ಹಗಲಿಡೀ ಲೆನ್ಸನ್ನು ತಿರುಗಿಸುತ್ತಲೇ ಇರುತ್ತಾರೆ, ಬಿಸಿಲು ಒಂದೇ ಕಡೆ ನಿಲ್ಲದಿರಲಿ ಅಂತ.

ಉಂಗುರ ಉಂಗುರವಾಗಿ ಗಾಜು ಜೋಡಿಸಿದ ಫ್ರೆನೆಲ್ ಲೆನ್ಸು ಮೊದಲು ಬೆಳಗಿದ್ದು 1823ರಲ್ಲಿ, ಫ್ರಾನ್ಸಿನ ಕಾರ್ಡುವಾನ್ ಲೈಟ್‌ಹೌಸಿನಲ್ಲಿ. ನೀವು ಹೋದಲ್ಲಿ ಅಂಥದ್ದಿದ್ದರೆ ಹತ್ತಿರ ನಿಂತು ನೋಡಿ: ಒಂದೊಂದು ಗಾಜಿನ ಉಂಗುರವನ್ನೂ ಬೇರೆಬೇರೆಯಾಗಿ ಉಜ್ಜಿ, ಹಿತ್ತಾಳೆ ಚೌಕಟ್ಟಿಗೆ ಕೂರಿಸಿದ್ದಾರೆ. ಈ ಲೆನ್ಸುಗಳ ಅತಿ ದೊಡ್ಡ ಅಳತೆಗಳಲ್ಲಿ ಒಂದಾದ 'ಮೊದಲ ದರ್ಜೆ'ಯದರಲ್ಲಿ ದೀಪದಿಂದ ಗಾಜಿಗೆ 920 ಮಿ.ಮೀ. ದೂರ, ಅಂದರೆ ಒಳಗೆ ಆಳು ನಿಲ್ಲಬಹುದು. ದಯವಿಟ್ಟು ಮುಟ್ಟಬೇಡಿ. ಅಂಚು ಒಮ್ಮೆ ಚಕ್ಕೆ ಎದ್ದರೆ ಸರಿಹೋಗೋದಿಲ್ಲ. ಲೆನ್ಸಿನ ಬುಡದ ತೊಟ್ಟಿಯಿಂದ ಇನ್ನೂ ಜಾಸ್ತಿ ದೂರ ಇರಿ. ತಿರುಗುವ ಹಳೇ ಲೆನ್ಸುಗಳಲ್ಲಿ ಎಷ್ಟೋ ಆ ತೊಟ್ಟಿಯ ಪಾದರಸದ ಮೇಲೆ ತೇಲುತ್ತವೆ, ಅದರ ಆವಿ ವಿಷ.

ಸುರುಳಿಮೆಟ್ಟಿಲು:
ಹತ್ತುವುದಕ್ಕಿಂತ ಇಳಿಯುವಾಗ ಜಾರುವವರೇ ಜಾಸ್ತಿ. ಸುರುಳಿ ಮೆಟ್ಟಿಲು ಗೋಡೆಯ ಕಡೆ ಅಗಲ, ನಡುಗಂಬದ ಕಡೆ ಕಿರಿದು. ಗೋಡೆಯ ಕಡೆಯೇ ಕಾಲಿಡಿ. ದೀಪದ ಕೋಣೆಗೆ ಹೋಗುವ ಕೊನೆಯ ಏಣಿ ಸಾಮಾನ್ಯವಾಗಿ ಕಡಿದು. ಇಳಿಯುವಾಗ ಏಣಿಗೇ ಮುಖ ಮಾಡಿ ಇಳಿಯಿರಿ, ಎರಡೂ ಕೈ ಖಾಲಿ ಇರಲಿ. ಹೊರಗಿನ ಬಾಲ್ಕನಿ ಬಾಗಿಲು ತೆರೆಯುವಾಗ ಗಟ್ಟಿಯಾಗಿ ಹಿಡಿದುಕೊಳ್ಳಿ. ಗಾಳಿ ಕಿತ್ತು ಬಡಿದರೆ ಬೆರಳು ಸಿಕ್ಕಿಕೊಳ್ಳುತ್ತದೆ.

ಕತ್ತಲೆಣಿಕೆ:
ಸೂರ್ಯ ಮುಳುಗುವ ಹೊತ್ತಿಗೆ ಮುಂಚೆ ಹತ್ತಿಳಿದು, ಕತ್ತಲಾದ ಮೇಲೆ ಕೆಳಗೆ ನಿಂತು ಬೆಳಕು ಎಣಿಸಿ. ಅದನ್ನು ನೋಡದೆ ಬಂದರೆ ಅರ್ಧ ನೋಡಿದ ಹಾಗೆ. ಉದಾಹರಣೆಗೆ ಎರಡು ಮಿಂಚು, ಆಮೇಲೆ ಕತ್ತಲು, ಮತ್ತೆ ಎರಡು: ಈ ಲಯದಿಂದಲೇ ನಾವಿಕರು ಇದು ಯಾವ ಲೈಟ್‌ಹೌಸ್ ಅಂತ ಗುರುತು ಹಿಡಿಯೋದು. ಗುಂಪಿನ ಮೊದಲ ಮಿಂಚಿಗೆ ಸ್ಟಾಪ್‌ವಾಚ್ ಒತ್ತಿ, ಐದು ಸುತ್ತು ಬಿಟ್ಟು ಮತ್ತೆ ಮೊದಲ ಮಿಂಚಿಗೆ ನಿಲ್ಲಿಸಿ, ಐದರಿಂದ ಭಾಗಿಸಿ, ಒಂದು ಸುತ್ತಿನ ಅವಧಿ ಸಿಗುತ್ತದೆ. ಕೊನೆಯ ಮಿಂಚಿನಿಂದ ಮುಂದಿನ ಮೊದಲ ಮಿಂಚಿನವರೆಗೆ ಎಣಿಸಿದರೆ ಕತ್ತಲಿನ ಅವಧಿಯಷ್ಟೇ ಸಿಗುತ್ತದೆ, ತುಂಬಾ ಜನ ತಪ್ಪೋದು ಇಲ್ಲೇ.

ಅಲೆಗಡಲು:
ಬೆಳಕು ಎಷ್ಟು ದೂರ ಕಾಣಬಹುದು?

ಕತ್ತಲೆಣಿಕೆ:
ದೀಪದ ಎತ್ತರದ ವರ್ಗಮೂಲವನ್ನು 3.57ರಿಂದ ಗುಣಿಸಿ. 30 ಮೀಟರಿಗೆ ಸುಮಾರು 19.6 ಕಿ.ಮೀ. ನೋಡುವವರ ಕಣ್ಣಿನ ಎತ್ತರಕ್ಕೂ ಹಾಗೇ ಲೆಕ್ಕ ಹಾಕಿ ಕೂಡಿಸಿ. ದೀಪ ಮಂಕಾಗಿದ್ದರೆ ಅಷ್ಟು ದೂರ ಮುಟ್ಟೋದಿಲ್ಲ. ಎತ್ತರ ಅಂದರೆ ಗೋಪುರದ್ದಲ್ಲ, ಸಮುದ್ರ ಮಟ್ಟದಿಂದ ದೀಪಕ್ಕೆ. ಗುಡ್ಡದ ಮೇಲಿನ ಗಿಡ್ಡ ಗೋಪುರ ಬಯಲಿನ ಎತ್ತರದ ಗೋಪುರಕ್ಕಿಂತ ದೂರಕ್ಕೆ ಕಾಣೋದು ಅದಕ್ಕೇ.