ಕೊಂಡ ಹಾಯ್ದು ಬಂದ ಮೇಲೆ ತಮ್ಮ ಮಂಕಾಗಿದ್ದಾನೆ, ಅನುಭವ ಇದ್ದವರು ತಿಳಿಸಿ

ನಮ್ಮದು ಮದ್ದೂರು ಕಡೆಯ ಹಳ್ಳಿ. ಅಪ್ಪನ ಕಾಯಿಲೆ ವಾಸಿಯಾಗಲೆಂದು ನನ್ನ ತಮ್ಮ ಹರಕೆ ಹೊತ್ತು, ಈ ಸಲದ ಹಬ್ಬದಲ್ಲಿ ಮೊದಲ ಬಾರಿಗೆ ಕೊಂಡ ಹಾಯ್ದ, ಅಂದರೆ ಕೆಂಡದ ಮೇಲೆ ನಡೆದ. ಪಾದಕ್ಕೆ ಏನೂ ಆಗಿಲ್ಲ. ಅಂದು ಅವನ ಮುಖದಲ್ಲಿ ನಾನು ಎಂದೂ ಕಾಣದ ಕಳೆಯಿತ್ತು. ಬೆಂಗಳೂರಿಗೆ ಕೆಲಸಕ್ಕೆ ಮರಳಿದ ಮೇಲೆ ಊಟ ಸೇರುತ್ತಿಲ್ಲ, ಸುಮ್ಮಸುಮ್ಮನೆ ಕಣ್ಣು ತುಂಬಿಕೊಳ್ಳುತ್ತಾನೆ, ಮಲಗಿದರೆ ತಮಟೆ ಸದ್ದು ಕೇಳಿದಂತಾಗುತ್ತದೆ ಎನ್ನುತ್ತಾನೆ. ದೇವಿ ಇನ್ನೂ ಅವನನ್ನು ಬಿಟ್ಟಿಲ್ಲ ಎಂದು ಅಮ್ಮ ಹೇಳುತ್ತಾರೆ. ಮಾನಸಿಕ ವೈದ್ಯರಿಗೆ ತೋರಿಸು ಎಂದು ನನ್ನ ಯಜಮಾನರು ಹೇಳುತ್ತಾರೆ. ಏನು ಮಾಡಲಿ?

ಮಳವಳ್ಳಿ ತಾಲ್ಲೂಕಿನ ಹಿರಿಯರೊಬ್ಬರು:

ತಾಯಿ, ಗಾಬರಿಯಾಗಬೇಡಿ. ನಾನು ಹರೆಯದಿಂದಲೂ ಕೊಂಡ ಹಾಯುತ್ತ ಬಂದವನು. ಕಂಕಣ ಕಟ್ಟಿದ ಗಳಿಗೆಯಿಂದ ನಮ್ಮ ಬದುಕೇ ಬೇರೆಯಾಗುತ್ತದೆ. ಮಡಿ, ಒಪ್ಪೊತ್ತು, ಗುಡಿಯ ಮುಂದೆ ಚಾಪೆ, ನಿದ್ದೆಯಿಲ್ಲದ ರಾತ್ರಿ. ನಿನ್ನೆಯವರೆಗೆ ಹೆಸರು ಹಿಡಿದು ಕರೆಯುತ್ತಿದ್ದವರು ಕಾಲಿಗೆ ಬೀಳುತ್ತಾರೆ. ಬೆಳಗಿನ ಜಾವ ಸೌದೆಯೆಲ್ಲ ಕುಸಿದು ನಿಗಿನಿಗಿ ಕೆಂಡವಾಗಿರುತ್ತದೆ. ಮೇಲೆ ಕಟ್ಟಿದ ಬೂದಿಯನ್ನು ಹಾರಿಸಿದಾಗ ಝಳ ಮುಖಕ್ಕೆ ರಾಚಿ ಕಣ್ಣಿನ ನೀರು ಕೆನ್ನೆಯ ಮೇಲೇ ಒಣಗುತ್ತದೆ. ತಮಟೆಯ ಪೆಟ್ಟು ಎದೆಯೊಳಗೇ ಬೀಳುತ್ತಿರುತ್ತದೆ. ಕೆಂಡದ ಮೇಲಿರುವಾಗ ಬಿಸಿ ತಿಳಿಯುವುದಿಲ್ಲ. ಆಚೆ ಬದಿಗೆ ಹೋಗಿ ನಿಂತಾಗ ಮೊಣಕಾಲು ನಡುಗಲು ಶುರುವಾಗುತ್ತದೆ, ಬಿಸಿಲಲ್ಲೂ ಹಲ್ಲು ಕಟಕಟ ಎನ್ನುತ್ತದೆ. ಅಳುವವರೂ ಇದ್ದಾರೆ, ಸಂಜೆಯವರೆಗೆ ಮಾತೇ ಆಡದವರೂ ಇದ್ದಾರೆ.

ಹಿಂದೆ ನಮ್ಮ ಬೀದಿಯಲ್ಲಿ ಹಾಯ್ದು ಬಂದವರನ್ನು ಒಬ್ಬರೇ ಇರಲು ಬಿಡುತ್ತಿರಲಿಲ್ಲ. ಕಾಲು ತೊಳೆದು, ಪಾನಕವೋ ಮಜ್ಜಿಗೆಯೋ ಕುಡಿಸಿ, ಜಗಲಿಯ ಮೇಲೆ ಮಲಗಿಸಿ ಯಾರಾದರೂ ಹತ್ತಿರ ಕೂರುತ್ತಿದ್ದರು. ಕಂಕಣ ಬಿಚ್ಚಿ, ಎಲ್ಲರ ಜೊತೆ ಎಲೆ ಹಾಕಿಸಿಕೊಂಡು ಉಂಡ ಮೇಲೆಯೇ ಹೊಲದ ಕಡೆ ಮುಖ. ಈಗಿನ ಹುಡುಗರು ಹಾಯ್ದ ದಿನವೇ ಬಸ್ಸು ಹತ್ತಿ ಮರುದಿನ ಕಚೇರಿಯಲ್ಲಿ ಕೂರುತ್ತಾರೆ. ಹಾಯುವ ಮೊದಲು ಊರೆಲ್ಲ ಅವರನ್ನು ಕಾಯುತ್ತದೆ, ಹಾಯ್ದ ಮೇಲೆ ಕಾಯುವವರಿಲ್ಲ. ನಿಮ್ಮ ತಮ್ಮನ ಕಂಕಣವನ್ನು ಕ್ರಮವಾಗಿ ಬಿಚ್ಚಿಸಿದಿರಾ? ಇಲ್ಲದಿದ್ದರೆ ಊರಿಗೆ ಕರೆಸಿ. ಗುಡಿಗೆ ಹೋಗಿ ಹಣ್ಣುಕಾಯಿ ಮಾಡಿಸಿ, ಅವನ ಜೊತೆ ಹಾಯ್ದವರನ್ನು ಮನೆಗೆ ಊಟಕ್ಕೆ ಕರೆಯಿರಿ. ಆ ಬೆಳಗಿನ ಮಾತನ್ನು ಅವನು ಅವರ ಜೊತೆಯಲ್ಲಿ ಆಡುವಷ್ಟು ಸಲೀಸಾಗಿ ನಿಮ್ಮ ಬಳಿ ಆಡಲಾರ.

ಹಾಸನದ ಗೃಹಿಣಿ:

ನಮ್ಮ ಯಜಮಾನರು ಶಬರಿಮಲೆಗೆ 41 ದಿನದ ವ್ರತ ಹಿಡಿಯುತ್ತಾರೆ. ಮಾಲೆ ತೆಗೆದ ಮೇಲೆ ಪ್ರತಿ ವರ್ಷವೂ ಒಂದಷ್ಟು ದಿನ ಮನೆಯಲ್ಲಿ ಪರಕೀಯರಂತೆ ಇರುತ್ತಾರೆ. ಅಷ್ಟು ದಿನ ಊರಿಗೆಲ್ಲ ‘ಸ್ವಾಮಿ’ ಆಗಿದ್ದವರು ಇದ್ದಕ್ಕಿದ್ದಂತೆ ಗ್ಯಾಸ್ ಬಿಲ್ಲು ಕಟ್ಟಬೇಕು. ವ್ರತದ ತಣ್ಣೀರು ಸ್ನಾನ ಮತ್ತು ಸಂಜೆಯ ಭಜನೆಯನ್ನು ಒಮ್ಮೆಲೇ ನಿಲ್ಲಿಸದೆ ಮುಂದುವರಿಸಿದ ವರ್ಷ ಈ ಮಂಕು ಬೇಗ ಕಳೆಯಿತು.

ಮುದಗಲ್ಲಿನವರು:

ಅಕ್ಕಾ, ನಮ್ಮಲ್ಲಿ ಮೊಹರಂಗೆ ಹಿಂದೂ ಮುಸ್ಲಿಮರೆಲ್ಲ ಕೂಡಿ ದೇವರನ್ನು ಹೊರುತ್ತೇವೆ. ಅಲಾಯಿ ಕುಣಿಯ, ಅಂದರೆ ಬೆಂಕಿ ಹಾಕುವ ಗುಂಡಿಯ, ಸುತ್ತ ಹೆಜ್ಜೆ ಹಾಕುತ್ತ ರಿವಾಯತ್ ಎಂಬ ಶೋಕದ ಪದ ಹೇಳುವಾಗ ಗಂಡಸರು ಬಹಿರಂಗವಾಗಿ ಅಳುತ್ತಾರೆ. ಇಮಾಮ್ ಹುಸೇನರು ಮಡಿದ ಕರ್ಬಲಾದ ಕಥೆಗೆ ಅಳುತ್ತ ಹೋದವರು ಆಮೇಲೆ ತಮ್ಮ ತಮ್ಮ ಮನೆಯ ಸಾವುಗಳಿಗೂ ಅಳುತ್ತಾರೆ. ನಾನು ಅವ್ವನನ್ನು ಕಳೆದುಕೊಂಡಾಗ ಬಾರದ ಕಣ್ಣೀರು ಅಲ್ಲಿ ಬಂತು. ಆದ್ದರಿಂದ ನಿಮ್ಮನ್ನು ಒಂದು ಮಾತು ಕೇಳುತ್ತೇನೆ. ತಂದೆಯವರು ಈಗ ಹೇಗಿದ್ದಾರೆ? ಹರಕೆ ತೀರಿಸುವವರೆಗೆ ನಿಮ್ಮ ತಮ್ಮನ ಕೈಯಲ್ಲಿ ಮಾಡುವುದಕ್ಕೆ ಒಂದು ಕೆಲಸವಿತ್ತು. ಈಗ ಕಾಯುವುದಷ್ಟೇ ಉಳಿದಿದೆ. ಅವನ ಕಣ್ಣೀರು ಕೊಂಡ ಹಾಯ್ದದ್ದಕ್ಕಲ್ಲ, ಅಪ್ಪನಿಗಾಗಿಯೇ ಇರಬಹುದು. ಅಪ್ಪನ ಸ್ಥಿತಿಯನ್ನು ಅವನಿಗೆ ಮುಚ್ಚಿಡದೆ ಹೇಳಿ.

ಚಾಮರಾಜನಗರದ ನರ್ಸ್:

ಬಣ್ಣಾರಿ ಅಮ್ಮನ ಜಾತ್ರೆಯಲ್ಲಿ ಕೆಂಡ ಹಾಯ್ದು ಬರುವವರು ನಮ್ಮ ಕಡೆ ಬಹಳ. ಉಪವಾಸ, ನಿದ್ದೆಗೇಡು, ಬಿಸಿಲು ಸೇರಿ ಮೈಯಲ್ಲಿ ನೀರಿನಂಶ ಇಳಿದಿರುತ್ತದೆ. ಭಯ ಮತ್ತು ಭಕ್ತಿಯ ಭರದಲ್ಲಿ ಏರಿದ ಅಡ್ರಿನಲಿನ್ ಎಂಬ ಹಾರ್ಮೋನು ಇಳಿದಾಗ ನಡುಕ, ಸುಸ್ತು, ಅಳು ಬರುವುದು ಸಹಜ. ಮೊದಲು ಹೊಟ್ಟೆ ತುಂಬ ಊಟ, ನಿದ್ದೆ, ನೀರು. ಅಕ್ಕ, ನಿಮ್ಮನ್ನೂ ನೋಡಿಕೊಳ್ಳಿ. ಸ್ಪೇನಿನ ಸ್ಯಾನ್ ಪೆಡ್ರೊ ಮಾನ್ರಿಕೆ ಎಂಬ ಹಳ್ಳಿಯಲ್ಲೂ ಕೆಂಡ ಹಾಯುತ್ತಾರೆ. ಅಲ್ಲಿ ಹಾಯುವವರ ಎದೆಬಡಿತದ ಏರಿಳಿತಕ್ಕೂ ನೋಡುತ್ತ ಕುಳಿತ ಅವರ ಬಂಧುಗಳ ಎದೆಬಡಿತಕ್ಕೂ ಹೊಂದಿಕೆ ಇತ್ತೆಂದು, ಸಂಬಂಧವಿಲ್ಲದ ನೋಡುಗರಲ್ಲಿ ಹಾಗಿರಲಿಲ್ಲವೆಂದು 2011ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಕೊಂಡದ ಪಕ್ಕ ಜೀವ ಕೈಯಲ್ಲಿ ಹಿಡಿದು ನಿಂತ ನಿಮಗೂ ಅಮ್ಮನಿಗೂ ವಿಶ್ರಾಂತಿ ಬೇಕು.

ಆದರೆ ಎರಡು ವಾರವಾದರೂ ಮಂಕು ಇಳಿಯದಿದ್ದರೆ ವೈದ್ಯರಿಗೆ ತೋರಿಸಲೇಬೇಕು. ನಿದ್ದೆಯೇ ಇಲ್ಲದೆ ವಿಪರೀತ ಹುರುಪಿನಿಂದ ಮಾತನಾಡಿದರೆ, ದುಡ್ಡು ಚೆಲ್ಲಿದರೆ, ಹೀಗೆ ಮಾಡು ಹಾಗೆ ಮಾಡು ಎಂದು ದನಿ ಅಪ್ಪಣೆ ಕೊಡುತ್ತಿದೆ ಎಂದರೆ, ಸಾಯುವ ಮಾತೆತ್ತಿದರೆ ಒಂದು ದಿನವೂ ತಡ ಮಾಡಬೇಡಿ. ನಿದ್ದೆಗೆಟ್ಟ ರಾತ್ರಿಗಳೇ ಕೆಲವರಲ್ಲಿ ಉನ್ಮಾದಕ್ಕೆ ದಾರಿಯಾಗುತ್ತವೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಎಂದಿಲ್ಲದೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ. ಗುಡಿಗೂ ಕರೆದುಕೊಂಡು ಹೋಗಿ, ವೈದ್ಯರಿಗೂ ತೋರಿಸಿ. ಅಮ್ಮ ಮತ್ತು ನಿಮ್ಮ ಯಜಮಾನರು ಇದಕ್ಕಾಗಿ ಜಗಳವಾಡಬೇಕಿಲ್ಲ.

ಮುಂದಿನ ವರ್ಷ ಹಾಯುವವರಿಗೂ ಹೇಳುತ್ತೇನೆ. ಕೆಂಡ ಶಾಖವನ್ನು ನಿಧಾನವಾಗಿ ದಾಟಿಸುತ್ತದೆ, ಪಾದ ತಾಗುವುದು ಕ್ಷಣಮಾತ್ರ, ಅದಕ್ಕೇ ಸಾಮಾನ್ಯವಾಗಿ ಸುಡುವುದಿಲ್ಲ. ನಡುವೆ ನಿಂತವರು, ಎಡವಿ ಬಿದ್ದವರು ಸುಟ್ಟುಕೊಳ್ಳುತ್ತಾರೆ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಸುಟ್ಟದ್ದೂ ತಿಳಿಯುವುದಿಲ್ಲ, ಅವರು ಹಾಯದಿರುವುದೇ ಒಳ್ಳೆಯದು. ಸುಟ್ಟರೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರಿನಲ್ಲಿ ಹಿಡಿದು ಆಸ್ಪತ್ರೆಗೆ ಬನ್ನಿ. ಬೂದಿ, ಅರಿಸಿನ, ಟೂತ್‌ಪೇಸ್ಟ್ ಹಚ್ಚಬೇಡಿ.