ಚಿತ್ರ, ಸಂಗೀತ, ಕಥೆ ಪಕ್ಕಕ್ಕಿಟ್ಟರೆ ಇಂಡಿ ಗೇಮ್‌ನಲ್ಲಿ ಕಲೆ ಅಂತ ಉಳಿಯುವುದೇನು?

ರಾತ್ರಿಪಾಳಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಒಂದು ವಾದ ನಡೆಯುತ್ತಿದೆ, ನಿಮ್ಮ ಸಹಾಯ ಬೇಕು. ನಮ್ಮಣ್ಣ ಹವ್ಯಾಸಿ ನಾಟಕ ತಂಡವೊಂದರಲ್ಲಿ ಬೆಳಕು ನೋಡಿಕೊಳ್ಳುತ್ತಾನೆ. ಗೇಮ್ ಅಂದ ಕೂಡಲೇ ಮೂಗು ಮುರಿಯುವವನಲ್ಲ. ನಾನು ಹಾಲೋ ನೈಟ್ ಅನ್ನುವ ಗೇಮ್ ಆಡುವಾಗ ಪಕ್ಕದಲ್ಲೇ ಕೂತು, ಸದಾ ಮಳೆ ಸುರಿಯುವ ಆ ಊರು ಬಂದಾಗ ಸುಮ್ನೆ ನೋಡುತ್ತಾ ಕೂರುತ್ತಾನೆ. ಆದರೆ ಅವನದು ಒಂದೇ ಹಟ. ಚಿತ್ರ ಚೆನ್ನಾಗಿದ್ದರೆ ಅದು ಚಿತ್ರಕಾರನ ಕೆಲಸ, ಸಂಗೀತ ಚೆನ್ನಾಗಿದ್ದರೆ ಸಂಗೀತಗಾರನದು, ಕಥೆ ಚೆನ್ನಾಗಿದ್ದರೆ ಬರೆದವನದು. ಇವೆಲ್ಲ ಮೊದಲೇ ಇದ್ದ ಕಲೆಗಳು. ಇವನ್ನು ಪಕ್ಕಕ್ಕಿಟ್ಟರೆ ಗೇಮ್ ಅನ್ನುವುದರಲ್ಲಿ ಉಳಿಯುವುದು ಬಟನ್ ಒತ್ತುವುದು ತಾನೇ, ಅದರಲ್ಲಿ ಕಲೆ ಎಲ್ಲಿಂದ ಬಂತು ಅಂತ ಕೇಳುತ್ತಾನೆ. ದೊಡ್ಡ ಕಂಪನಿಗಳ ಗೇಮ್ ಬೇಡ, ಇಂಡಿ ಅನ್ನುತ್ತಾರಲ್ಲ, ಒಬ್ಬರೋ ನಾಲ್ಕೈದು ಜನವೋ ಸೇರಿ ಮಾಡಿದ್ದು, ಅಂಥವುಗಳ ಉದಾಹರಣೆ ಕೊಡಿ. 'ಗ್ರಾಫಿಕ್ಸ್ ಸೂಪರ್' ಅನ್ನುವ ಉತ್ತರ ಮಾತ್ರ ಬೇಡ, ಅದಕ್ಕೆ ಅವನು ಆಗಲೇ ಗೆದ್ದಾಗಿದೆ.

ಕಡತವಿಲೇವಾರಿ:

ನಿಮ್ಮಣ್ಣನ ಪ್ರಶ್ನೆ ಚೆನ್ನಾಗಿದೆ. ಪೇಪರ್ಸ್, ಪ್ಲೀಸ್ ಆಡಿದ್ದೀರಾ? 2013ರದ್ದು. ಲೂಕಸ್ ಪೋಪ್ ಹೆಚ್ಚುಕಡಿಮೆ ಒಬ್ಬನೇ ಕೂತು ಮಾಡಿದ್ದು. ಮೊದಲು ಅನ್‌ಚಾರ್ಟೆಡ್ ಅನ್ನುವ ಗೇಮ್ ಮಾಡಿದ ದೊಡ್ಡ ಸ್ಟುಡಿಯೋದಲ್ಲಿದ್ದವನು, ಬಿಟ್ಟು ಬಂದ. ಚಿತ್ರ ನೋಡಿದರೆ ಯಾರೂ ಬೆರಗಾಗುವುದಿಲ್ಲ, ಮಂಕು ಬಣ್ಣ, ಒರಟು ಮುಖಗಳು. ಕಥೆಯೂ ನಾಲ್ಕು ಸಾಲಿನದ್ದು. 1982ರಲ್ಲಿ ಆರ್ಸ್ಟೋಟ್‌ಸ್ಕಾ ಅನ್ನುವ ಕಲ್ಪಿತ ದೇಶ, ಅದರ ಗಡಿಯಲ್ಲಿ ನೀವು ಪಾಸ್‌ಪೋರ್ಟ್ ನೋಡಿ ಮೊಹರು ಒತ್ತುವ ನೌಕರ. ಅಷ್ಟೇ.

ನಾನೂ ಕೌಂಟರಿನ ಈಚೆ ಕೂತು ಅರ್ಜಿ ತೆಗೆದುಕೊಳ್ಳುವ ಕೆಲಸದವನು, ಅದಕ್ಕೇ ಇರಬೇಕು, ಇದು ತಲೆಯಿಂದ ಇಳಿಯಲೇ ಇಲ್ಲ. ಮೇಜು ಬೇಕಂತಲೇ ಚಿಕ್ಕದು ಮಾಡಿದ್ದಾನೆ. ಪಾಸ್‌ಪೋರ್ಟ್, ಪರ್ಮಿಟ್, ನಿಯಮದ ಪುಸ್ತಕ ಎಲ್ಲ ಒಂದರ ಮೇಲೊಂದು ಬಿದ್ದು ಬೇಕಾದ ಕಾಗದ ಕೆಳಗೆ ಸಿಕ್ಕಿಕೊಳ್ಳುತ್ತದೆ, ಹೊತ್ತು ಓಡುತ್ತಿರುತ್ತದೆ, ಸರಿಯಾಗಿ ನೋಡಿ ಕಳಿಸಿದ ತಲೆಗೆ ಇಷ್ಟು ಅಂತ ಸಂಬಳ, ಸಂಜೆ ಆ ಸಂಬಳದಲ್ಲೇ ಮನೆ ಬಾಡಿಗೆ, ಊಟ, ಚಳಿಗೆ ಹೀಟರು, ಕಾಯಿಲೆ ಬಿದ್ದವರ ಔಷಧಿ. ದಿನಕ್ಕೆ ಎರಡು ತಪ್ಪಿಗೆ ಬರೀ ಎಚ್ಚರಿಕೆ ಚೀಟಿ. ಮೂರನೆಯದರಿಂದ ದಂಡ.

ಈಗ ಒಬ್ಬ ಗಂಡ ಬರುತ್ತಾನೆ, ಅವನ ಕಾಗದ ಎಲ್ಲ ಸರಿ. ಹಿಂದೆ ನನ್ನ ಹೆಂಡತಿ ಬರುತ್ತಿದ್ದಾಳೆ, ಸ್ವಲ್ಪ ನೋಡಿಕೊಳ್ಳಿ ಅನ್ನುತ್ತಾನೆ. ಆಕೆ ಬರುತ್ತಾಳೆ, ಪರ್ಮಿಟ್ ಇಲ್ಲ. ವಾಪಸ್ ಕಳಿಸಿದರೆ ನನ್ನನ್ನು ಕೊಲ್ಲುತ್ತಾರೆ ಅನ್ನುತ್ತಾಳೆ. ಇದೇ ದೃಶ್ಯ ಸಿನಿಮಾದಲ್ಲೂ ಬರಬಹುದು, ನಾವು ಅಯ್ಯೋ ಅನ್ನುತ್ತೇವೆ, ಮುಗಿಯಿತು. ಇಲ್ಲಿ ನೀವು ಮೊದಲು ನೋಡುವುದು ಆಕೆಯ ಮುಖವನ್ನಲ್ಲ. ಇವತ್ತು ಎಚ್ಚರಿಕೆ ಎಷ್ಟು ಉಳಿದಿದೆ ಅಂತ. ಉಳಿದಿದ್ದರೆ ಕರುಣೆ ಪುಕ್ಕಟೆ. ಆಗಲೇ ಎರಡೂ ಖರ್ಚಾಗಿದ್ದರೆ ಅದು ನಿಮ್ಮ ಮನೆಯವರ ಔಷಧಿ ದುಡ್ಡಿನಿಂದ ಹೋಗುತ್ತದೆ. ಸ್ವಲ್ಪ ದಿನ ಆದ ಮೇಲೆ ಬೆಳಗ್ಗಿಂದಲೇ ಆ ಎರಡು ತಪ್ಪುಗಳನ್ನು ಜೋಪಾನ ಮಾಡಲು ಶುರು ಮಾಡುತ್ತೀರಿ, ಯಾರಿಗಾದರೂ ಬೇಕಾಗಬಹುದು ಅಂತ. ಹಾಗೆ ಮಾಡಿ ಅಂತ ಗೇಮ್ ಎಲ್ಲೂ ಹೇಳುವುದಿಲ್ಲ. ಒಳ್ಳೆಯ ಮನುಷ್ಯನೂ ಕರುಣೆಗೆ ಲೆಕ್ಕ ಇಡುವ ಹಾಗೆ ಒಂದು ಕುರ್ಚಿ ಹೇಗೆ ಮಾಡುತ್ತದೆ ಅನ್ನುವುದನ್ನು ಒಂದು ನಿಯಮದಿಂದಲೇ ತೋರಿಸಿದ್ದಾನೆ ಆಸಾಮಿ. ನಿಮ್ಮಣ್ಣ ಕೇಳಿದ 'ಉಳಿಯುವುದು' ಇದೇ ಅಲ್ವಾ? ಇದನ್ನು ಬರೆಯಲೂ ಆಗುವುದಿಲ್ಲ, ಬಿಡಿಸಲೂ ಆಗುವುದಿಲ್ಲ, ಆಡಿಸಬೇಕು ಅಷ್ಟೇ.

ಉಪ್ಪಿಟ್ಟುವಿರೋಧಿ:

ಮೇಲಿನವರು ಬರೆದದ್ದು ಒಪ್ಪುತ್ತೇನೆ, ಆದರೆ ಇಂಡಿ ಅಂದ ಕೂಡಲೇ ಆರತಿ ಎತ್ತುವುದು ಜಾಸ್ತಿ ಆಯಿತು ಮಾರಾಯ್ರೆ. ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಈಗ ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಗೇಮ್ ಬರುತ್ತವೆ. ಅದರಲ್ಲಿ ಎಷ್ಟೋ ಅದೇ ಚೌಕ ಚೌಕ ಚಿತ್ರ, ಅದೇ ಅಳುಮುಂಜಿ ಪಿಯಾನೋ, ಅದೇ 'ನಾಯಕನಿಗೆ ಖಿನ್ನತೆ'. ಚಿಕ್ಕ ತಂಡ ಅಂದರೆ ಧೈರ್ಯ ಅಂತಲೇ ಅರ್ಥ ಅಲ್ಲ. ಇಂಡಿ ಅನ್ನುವ ಚೀಟಿಯನ್ನು ಯಾರು ಬೇಕಾದರೂ ಅಂಟಿಸಿಕೊಳ್ಳುತ್ತಾರೆ. 2023ರ ಗೇಮ್ ಅವಾರ್ಡ್ಸ್‌ನಲ್ಲಿ ಡೇವ್ ದ ಡೈವರ್ ಇಂಡಿ ವಿಭಾಗಕ್ಕೆ ನಾಮನಿರ್ದೇಶನ ಆಯಿತು, ಅದನ್ನು ಮಾಡಿದ್ದು ನೆಕ್ಸಾನ್ ಅನ್ನುವ ದೈತ್ಯ ಕಂಪನಿಯ ಒಂದು ಅಂಗ. ಎಲ್ಲರೂ ಕಲೆ ಕಲೆ ಅನ್ನುವ ಜರ್ನಿ ಗೇಮನ್ನು (2012) ಮಾಡಿದ್ದು ಸಣ್ಣ ತಂಡವೇ, ಹೊರತಂದಿದ್ದು ಸೋನಿ.

ಇನ್ನೊಂದು. ಸಿನಿಮಾ ವಿಮರ್ಶಕ ರೋಜರ್ ಈಬರ್ಟ್ 2010ರಲ್ಲಿ ಗೇಮ್ ಎಂದಿಗೂ ಕಲೆ ಆಗುವುದಿಲ್ಲ ಅಂತ ಬರೆದು ಬೈಸಿಕೊಂಡಿದ್ದ. ಗೇಮ್ ಅಂದರೆ ಗೆಲ್ಲಬಹುದು, ಕಲೆಯಲ್ಲಿ ಗೆಲ್ಲುವುದು ಏನಿದೆ ಅನ್ನುವುದು ಅವನ ಒಂದು ಮಾತು. ಅದೇ ವರ್ಷ ಜುಲೈನಲ್ಲಿ, ಆಡದೇ ಬಾಯಿ ಬಿಡಬಾರದಿತ್ತು ಅಂತ ಸ್ವಲ್ಪ ಹಿಂದೆ ಸರಿದ. ಸರಿ. ಆದರೆ ಆ ಗೆಲುವಿನ ಪ್ರಶ್ನೆಗೆ ಇನ್ನೂ ಜೀವ ಇದೆ. ಪೇಪರ್ಸ್, ಪ್ಲೀಸ್ ಎರಡನೇ ಸಲ ಆಡುವವನು ಆ ಹೆಂಡತಿಯನ್ನು ಬರೀ ಲೆಕ್ಕವಾಗಿಯೇ ನೋಡುತ್ತಾನೆ, ಒಳಗೆ ಬಿಟ್ಟರೆ ಏನು ಸಿಗುತ್ತದೆ ಅಂತ.

ಕಡತವಿಲೇವಾರಿ:

@ಉಪ್ಪಿಟ್ಟುವಿರೋಧಿ ನನ್ನ ಸೀಟಿನಲ್ಲೂ ಎರಡನೇ ವರ್ಷಕ್ಕೆ ಹಾಗೇ ಆಗುತ್ತದೆ. ಗೇಮ್ ಅದನ್ನೂ ಸರಿಯಾಗಿಯೇ ಹಿಡಿದಿದೆ ಅಂತೀನಿ.

ಸೆಮಿಕೋಲನ್:

ನಾನು ಕೋಡ್ ಬರೆಯುವವನು, ಬೇರೆ ಕಡೆಯಿಂದ ಹೇಳುತ್ತೇನೆ. ಅದೇ ಪೋಪ್ 2018ರಲ್ಲಿ ರಿಟರ್ನ್ ಆಫ್ ದ ಓಬ್ರಾ ಡಿನ್ ಮಾಡಿದ. ಈಸ್ಟ್ ಇಂಡಿಯಾ ಕಂಪನಿ ಕಾಲದ ಹಡಗು. 1802ರಲ್ಲಿ ಲಂಡನ್ ಬಿಟ್ಟದ್ದು ಕಾಣೆಯಾಗಿ, 1807ರಲ್ಲಿ ಜೀವಂತ ಮನುಷ್ಯರಿಲ್ಲದೆ ಇಂಗ್ಲೆಂಡಿನ ಬಂದರಿಗೆ ತೇಲಿ ಬರುತ್ತದೆ. ನೀವು ವಿಮೆ ಲೆಕ್ಕ ಹಾಕಲು ಹೋದವರು. ಹಡಗಿನಲ್ಲಿದ್ದ 60 ಜನರಲ್ಲಿ ಯಾರು ಯಾರು, ಏನಾದರು ಅಂತ ಪುಸ್ತಕ ತುಂಬಬೇಕು. ಹೆಣದ ಹತ್ತಿರ ಜೇಬು ಗಡಿಯಾರ ತೆರೆದರೆ ಆ ಸಾವಿನ ಕ್ಷಣ ಮಾತ್ರ ಕಲ್ಲಾಗಿ ನಿಂತು ಕಾಣುತ್ತದೆ.

ಇಡೀ ಗೇಮ್ ಹಳೇ ಮ್ಯಾಕಿಂಟಾಷ್ ಕಂಪ್ಯೂಟರಿನ ಪರದೆಯಂತೆ ಎರಡೇ ಬಣ್ಣದಲ್ಲಿದೆ. ಕೇಳಲು ಸುಲಭ. ಆದರೆ ಚುಕ್ಕಿಗಳಿಂದ ನೆರಳು ಮೂಡಿಸಿದಾಗ, ನೀವು ತಲೆ ತಿರುಗಿಸಿದ ಕೂಡಲೇ ಚುಕ್ಕಿಗಳೆಲ್ಲ ಇರುವೆಯಂತೆ ಹರಿದಾಡಿ ಕಣ್ಣು ನೋಯುತ್ತದೆ. ಚುಕ್ಕಿಗಳನ್ನು ಪರದೆಗೆ ಅಂಟಿಸದೆ, ನೋಡುವವನ ಸುತ್ತ ಒಂದು ಗೋಳ ಇದೆ ಅಂದುಕೊಂಡು ಅದರ ಒಳಮೈಗೆ ಅಂಟಿಸಿ ಇದನ್ನು ಬಗೆಹರಿಸಿದ. ಇಡೀ ಗೇಮ್ ನಾಲ್ಕು ವರ್ಷಕ್ಕೂ ಹೆಚ್ಚಿನ ಕೆಲಸ. ಎರಡು ಬಣ್ಣದ ಗೇಮಿಗೆ ಇಷ್ಟು ಕಾಲ ಕೊಡಿ ಅಂತ ದೊಡ್ಡ ಸ್ಟುಡಿಯೋದ ಮೀಟಿಂಗ್‌ನಲ್ಲಿ ಕೇಳಿ ನೋಡಿ!

ಅಣ್ಣನ ಪ್ರಶ್ನೆಗೆ ಬರುತ್ತೇನೆ. ನೀವು ಬರೆದದ್ದು ಸರಿಯೋ ತಪ್ಪೋ ಅಂತ ಗೇಮ್ ಒಂದೊಂದಾಗಿ ಹೇಳುವುದಿಲ್ಲ. ಮೂರು ಜನರ ವಿವರ ಸರಿಯಾದ ಮೇಲೆ ಮಾತ್ರ ಹೌದು ಅನ್ನುತ್ತದೆ. ಹಾಗಾಗಿ ಸುಮ್ನೆ ಊಹೆ ಹೊಡೆದು ಜಾರಿಕೊಳ್ಳುವುದು ಕಷ್ಟ, ನೋಡಲೇಬೇಕು. ಯಾರ ಮಾತಿನ ಧಾಟಿ ಹೇಗಿದೆ, ಯಾರ ಜೋಲಿ ಹಾಸಿಗೆಗೆ ಯಾವ ನಂಬರು, ಯಾರು ಯಾರ ಪಕ್ಕ ನಿಲ್ಲುತ್ತಾರೆ. ಹಡಗಿನಲ್ಲಿ ಭಾರತದ ನಾವಿಕರೂ ಇದ್ದಾರೆ. ಬೇರೆ ಕಡೆ ಆಗಿದ್ದರೆ ಅವರು ಹಿಂದೆ ನಿಂತ ಗುಂಪು. ಇಲ್ಲಿ ಅವರ ಹೆಸರು ಕೂಡ ಪತ್ತೆ ಹಚ್ಚದೆ ಪುಸ್ತಕ ತುಂಬುವುದಿಲ್ಲ.

ಹುಣಸೆತೊಕ್ಕು:

ಯಾರೂ ವೆಣ್ಬಾ ಗೇಮಿನ ಹೆಸರೇ ಎತ್ತಲಿಲ್ಲವಲ್ಲ. 2023ರದ್ದು, ಟೊರಾಂಟೊದ ಸಣ್ಣ ತಂಡ. 80ರ ದಶಕದಲ್ಲಿ ಕೆನಡಾಕ್ಕೆ ಹೋದ ತಮಿಳು ಕುಟುಂಬ, ಅಮ್ಮ ಅಡುಗೆ ಮಾಡುತ್ತಾಳೆ. ತವರಿನಿಂದ ತಂದ ಅಡುಗೆ ಪುಸ್ತಕದ ಹಾಳೆ ಹರಿದಿದೆ, ಮಸಿ ಅಳಿಸಿದೆ, ಉಳಿದದ್ದನ್ನು ನೀವೇ ಊಹಿಸಬೇಕು. ಮೊದಲನೆಯದೇ ಇಡ್ಲಿ. ಪಾತ್ರೆಯಲ್ಲಿ ತಟ್ಟೆಗಳನ್ನು ಒಂದರ ಮೇಲೊಂದು ಹೇಗೆ ಇಟ್ಟರೆ ಹಬೆ ಮೇಲಿನವರೆಗೂ ಹೋಗುತ್ತದೆ ಅನ್ನುವುದೇ ಒಗಟು. ನಮಗೆ ನಗು ಬರುತ್ತದೆ, ಇದೇನು ಒಗಟು ಅಂತ. ಆದರೆ ಮುಂದೆ ಅದೇ ಪುಸ್ತಕ ಅಲ್ಲೇ ಬೆಳೆದ ಮಗನ ಕೈಗೆ ಬರುತ್ತದೆ, ಅವನಿಗೆ ತಮಿಳು ಅರ್ಧಂಬರ್ಧ. ಆಗ ಅವನ ಜಾಗದಲ್ಲಿ ಕೂತು ಓದುವವರು ನೀವೇ. ನಾನು ಪರದೇಶದಲ್ಲಿ ಮಕ್ಕಳನ್ನು ಸಾಕುತ್ತಿರುವವಳು, ಆ ಭಾಗ ಆಡುವಾಗ ಮಗಳನ್ನು ಪಕ್ಕಕ್ಕೆ ಕರೆಯಲೋ ಬೇಡವೋ ಅಂತ ಯೋಚನೆಯಾಯಿತು.

ದೂರು ಕೂಡ ಇದೆ. ತುಂಬಾ ಚಿಕ್ಕದು, ಒಂದು ಸಂಜೆಗೇ ಮುಗಿಯುತ್ತದೆ, ಒಗಟುಗಳು ಸುಲಭ. ತಪ್ಪು ಮಾಡಿದರೆ ಏನೂ ನಷ್ಟವಿಲ್ಲ. ನಿಮ್ಮಣ್ಣ ಇದನ್ನು ನೋಡಿ 'ಇದು ಕಥೆ, ಮಧ್ಯೆ ಅಡುಗೆ' ಅಂದರೆ ನಾನು ಅರ್ಧ ಒಪ್ಪಿಕೊಳ್ಳುತ್ತೇನೆ.

ರಾತ್ರಿಪಾಳಿ:

ಎಲ್ಲರಿಗೂ ಥ್ಯಾಂಕ್ಸ್. ಅಣ್ಣನಿಗೆ ಓದಿ ಹೇಳಿದೆ. ಎರಡು ಎಚ್ಚರಿಕೆ ಚೀಟಿಯ ವಿಷಯಕ್ಕೆ ಸ್ವಲ್ಪ ಹೊತ್ತು ಮಾತಾಡಲಿಲ್ಲ, ಆಮೇಲೆ 'ನನ್ನ ಹತ್ತಿರ ಅಷ್ಟು ಹೊತ್ತು ಇಲ್ಲ, ಚಿಕ್ಕದು ಯಾವುದಾದರೂ ಇದೆಯಾ' ಅಂದ.

ಸೆಮಿಕೋಲನ್:

ಪಾಸೇಜ್ ಕೊಡಿ. ಜೇಸನ್ ರೋರರ್ ಮಾಡಿದ್ದು, 2007. ದುಡ್ಡು ಕೊಡಬೇಕಿಲ್ಲ, ಐದು ನಿಮಿಷದಲ್ಲಿ ಮುಗಿಯುತ್ತದೆ. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ 2012ರಲ್ಲಿ ಮೊದಲ ಸಲ ಸಂಗ್ರಹಕ್ಕೆ ತೆಗೆದುಕೊಂಡ 14 ಗೇಮ್‌ಗಳಲ್ಲಿ ಇದೂ ಒಂದು. ಪರದೆ ಒಂದು ಉದ್ದನೆ ಪಟ್ಟಿ. ನಡೆಯುತ್ತಾ ವಯಸ್ಸಾಗುತ್ತದೆ. ದಾರಿಯಲ್ಲಿ ಒಬ್ಬಳು ಸಿಗುತ್ತಾಳೆ, ಜೊತೆಗೆ ಕರೆದುಕೊಂಡರೆ ಇಕ್ಕಟ್ಟು ಸಂದಿಗಳಲ್ಲಿ ನುಗ್ಗಲು ಆಗುವುದಿಲ್ಲ, ಅಲ್ಲಿರುವ ನಿಧಿ ಪೆಟ್ಟಿಗೆಗಳು ಕೈತಪ್ಪುತ್ತವೆ. ಮಾತು ಒಂದೂ ಇಲ್ಲ. ಹೊತ್ತು ಸಿಕ್ಕಾಗ ಪೇಪರ್ಸ್, ಪ್ಲೀಸ್ ನೋಡಲಿ, 2022ರಿಂದ ಮೊಬೈಲಿನಲ್ಲೂ ಇದೆ.

ಉಪ್ಪಿಟ್ಟುವಿರೋಧಿ:

ಪಾಸೇಜ್ ಈಗಷ್ಟೇ ಆಡಿ ಬಂದೆ. ಆಕೆಯನ್ನು ಕರೆದುಕೊಳ್ಳಲೇ ಇಲ್ಲ, ಪೂರ್ತಿ ಪೆಟ್ಟಿಗೆ ಹುಡುಕಿದ್ದೇ ಆಯಿತು. ಇದರಿಂದ ನನ್ನ ಬಗ್ಗೆ ಏನಾದರೂ ಗೊತ್ತಾಗುತ್ತದೆ ಅನ್ನುವುದಾದರೆ ದಯವಿಟ್ಟು ಯಾರೂ ಇಲ್ಲಿ ಬರೆಯಬೇಡಿ. ಚಿತ್ರ ಮಾತ್ರ ಕೆಟ್ಟದಾಗಿದೆ.