ಅಪ್‌ಡೇಟ್: ಮೇ ತಿಂಗಳಲ್ಲೇ ಗುಲ್ಮಾರ್ಗ್‌ಗೆ ಹೋಗಿ ಬಂದೆವು

ಕಲಬುರಗಿಯಿಂದ ಅವ್ವ, ಅಪ್ಪನನ್ನು ಕಾಶ್ಮೀರದ ಗುಲ್ಮಾರ್ಗ್‌ಗೆ ಯಾವ ಕಾಲದಲ್ಲಿ ಕರೆದೊಯ್ಯಲಿ ಅಂತ ಕೇಳಿದ್ದೆ ಅಲ್ವಾ? ಜನವರಿ ಅಂದವರೇ ಜಾಸ್ತಿ. ಸ್ಕೀ ಆಡುವವರಿಗೆ ಅದು ಸರಿ, ಮೊಣಕಾಲು ನೋವಿರುವ ಅವ್ವನಿಗೆ ಆಗಿಬರಲ್ಲ. ಮೇನಲ್ಲಿ ಹೋಗಿ ಅಂದಿದ್ದ ಅಕ್ಕನ ಮಾತೇ ಕೈಹಿಡಿಯಿತು. ನಮ್ಮೂರಲ್ಲಿ ನೆತ್ತಿ ಸುಡುವ ಬಿಸಿಲು, ಅಲ್ಲಿ ಸ್ವೆಟರ್! ಕೆಳಗೆ ಬರೀ ಹಸಿರು ಹುಲ್ಲು, ಕುದುರೆಗಳು. ಗೊಂಡೋಲಾದ (ಅಲ್ಲಿನ ಕೇಬಲ್ ಕಾರ್) ಎರಡನೇ ಹಂತದಲ್ಲಿ ಅಫರ್ವಾಟ್ ಬೆಟ್ಟಕ್ಕೆ, ಅಂದರೆ ಸುಮಾರು 3,900 ಮೀಟರ್ ಎತ್ತರಕ್ಕೆ ಹೋದರೆ ಇನ್ನೂ ಹಿಮ ಇತ್ತು. ಅಪ್ಪ ಒಂದು ಮುಷ್ಟಿ ಹಿಡಿದುಕೊಂಡು, ಬೆರಳು ಕೆಂಪಾದರೂ ಬಿಡಲಿಲ್ಲ.

ಗೊಂಡೋಲಾ ಟಿಕೆಟ್ ಅಲ್ಲೇ ಸಿಗುತ್ತೆ ಅನ್ನೋ ಸಲಹೆ ನಂಬಬೇಡಿ, ಆನ್‌ಲೈನ್‌ನಲ್ಲಿ ಮೊದಲೇ ಮಾಡಿಸಿ. ಯಾರೂ ಹೇಳದಿದ್ದ ಸಂಗತಿ ಇನ್ನೊಂದು: ನಮ್ಮ ಪ್ರೀಪೇಯ್ಡ್ ಸಿಮ್ ಕಾಶ್ಮೀರದಲ್ಲಿ ನಡೆಯಲ್ಲ. ಅಪ್ಪನ ಪೋಸ್ಟ್‌ಪೇಯ್ಡ್ ಇದ್ದಿದ್ದಕ್ಕೆ ಬಚಾವಾದೆವು. ಸ್ಕೀ ಕಲಿಯೋಕೆ ಫೆಬ್ರವರಿಯಲ್ಲಿ ನಾನೊಬ್ಬನೇ ಹೋಗ್ತೀನಿ.